ಕಾರ್ಡಿನ ಅಂಚಿಗೆ ಕಟ್ಟಿದ ಕೆಂಪು ನೂಲು

ತಮಿಳು ಸೀಮೆಯ ಸೇಲಂ ಬಳಿಯ ತಾರಮಂಗಲದಲ್ಲಿ ಕನ್ನಡ ಮಾತನಾಡುವ ನೇಕಾರರ ಬೀದಿಯೊಂದಿದೆ. ಅಲ್ಲಿ ಸೀರೆಯನ್ನು ಮಗ್ಗದಿಂದ ಇಳಿಸಿ ಮಡಿಸುವ ಮುನ್ನ ಮಾಡಲೇಬೇಕಾದ ಕೆಲಸವೊಂದುಂಟು. ನೇಯುವಾಗ ಎಲ್ಲಿಯಾದರೂ ಎಳೆ ತಪ್ಪಿದ್ದರೆ, ಹಾಸು ಕಡಿದು ಗಂಟು ಬಿದ್ದಿದ್ದರೆ, ಹೂವಿನ ದಳವೊಂದು ಓರೆಯಾಗಿದ್ದರೆ, ಆ ತಪ್ಪಿಗೆ ನೇರವಾಗಿ ಸೀರೆಯ ಅಂಚಿನಲ್ಲಿ ಒಂದು ತುಂಡು ಕೆಂಪು ನೂಲನ್ನು ಕಟ್ಟುತ್ತಾರೆ. ಸೀರೆಯೇ ಕೆಂಪಾಗಿದ್ದರೆ ನೂಲು ಹಸಿರು. ಇದಕ್ಕೆ ಗುರುತು ನೂಲು ಎಂದು ಹೆಸರು. ಕೊಳ್ಳಲು ಬಂದ ವ್ಯಾಪಾರಿ ಸೀರೆಯನ್ನು ಬಿಚ್ಚಿ ನೋಡುವುದಿಲ್ಲ. ಮಡಿಕೆಯ ಅಂಚಿನ ಮೇಲೆ ಬೆರಳಾಡಿಸುತ್ತಾನೆ. ನೂಲು ಸಿಕ್ಕಲ್ಲಿ ನಿಲ್ಲುತ್ತಾನೆ, ನೋಡುತ್ತಾನೆ, ಮುಂದೆ ಹೋಗುತ್ತಾನೆ. ಕೂಲಿ ಕೊಂಚ ಇಳಿಯಬಹುದು, ನೇಯ್ದವನ ತಲೆ ಇಳಿಯುವುದಿಲ್ಲ. ನೂಲಿಲ್ಲದ ಕಡೆ ತಪ್ಪು ಸಿಕ್ಕರೆ ಮಾತ್ರ, ಅಂದಿನಿಂದ ಆ ಮನೆಯ ಸೀರೆಗಳನ್ನೆಲ್ಲ ಬಿಚ್ಚಿ ನೋಡುತ್ತಾರೆ. ಆ ಬೀದಿಯಲ್ಲಿ ಅದಕ್ಕಿಂತ ದೊಡ್ಡ ಅವಮಾನ ಬೇರೆ ಇಲ್ಲ.

ಮಗ್ಗದ ಮುಖವನ್ನೇ ಕಾಣದ ವಸ್ತುವೊಂದಕ್ಕೆ ಈ ನೂಲು ಕಟ್ಟಿದ ಕತೆಯನ್ನು ಅಲ್ಲಿ ಹಲವರು ಹಲವು ಬಗೆಯಾಗಿ ಹೇಳುತ್ತಾರೆ. ನೂಲು ಹಸಿರಾಗಿತ್ತು ಎನ್ನುವವರಿದ್ದಾರೆ. ಕಟ್ಟಿದವಳು ಹೆಂಡತಿ ಎನ್ನುವವರೂ ಇದ್ದಾರೆ. ನಡೆದದ್ದು ನಾರಪ್ಪನ ಮನೆಯಲ್ಲಾದ್ದರಿಂದ ಆ ಮನೆಯವರು ಹೇಳುವ ಬಗೆಯನ್ನೇ ಇಲ್ಲಿ ಹಿಡಿದಿದೆ.

ನಾರಪ್ಪನ ಮಗ ಪ್ರಭಾಕರ್ ಮಗ್ಗಕ್ಕೆ ಕೂರಲಿಲ್ಲ. ಅವನು ಪವರ್‌ಲೂಮ್ ಫಿಟ್ಟರ್. ಊರ ಸುತ್ತಲಿನ ಷೆಡ್ಡುಗಳಲ್ಲಿ ಕೆಟ್ಟ ಮಗ್ಗಗಳನ್ನು ರಿಪೇರಿ ಮಾಡುವುದು ಅವನ ಕೆಲಸ. ಕೆಡದ ವಸ್ತುಗಳನ್ನು ಬಿಚ್ಚಿ ನೋಡುವುದು ಅವನ ಚಪಲ. ಮನೆಯ ಮಿಕ್ಸಿ, ಅಪ್ಪನ ರೇಡಿಯೋ, ಎದುರುಮನೆಯ ಪಂಪ್‌ಸೆಟ್ಟು, ಎಲ್ಲವನ್ನೂ ಬಿಚ್ಚಿದ್ದ. ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಿಯೂ ಕೊಟ್ಟಿದ್ದ. ಕೊನೆಯಲ್ಲಿ ಒಂದೆರಡು ಸ್ಕ್ರೂ ಕೈಯಲ್ಲಿ ಉಳಿದಿರುತ್ತಿದ್ದವು, ಅಷ್ಟೆ.

ಅವನ ಹೆಂಡತಿ ಗಂಗಾಲಕ್ಷ್ಮಿ ತೊಪ್ಪೂರು ಘಾಟಿಯ ಆಚೆ, ಧರ್ಮಪುರಿ ಸೀಮೆಯ ಬೇಸಾಯದ ಮನೆಯ ಹುಡುಗಿ. ಸೇಲಂನಲ್ಲಿ ಡಿಸೈನ್ ಕಲಿತವಳು. ಸೀರೆಯನ್ನು ನೇಯುವ ಮೊದಲೇ, ಅದರ ಹೂಬಳ್ಳಿ ಉಟ್ಟವಳ ಮೈಮೇಲೆ ಹೇಗೆ ಬೀಳುತ್ತದೆ, ಸೆರಗು ಗಾಳಿಗೆ ಹೇಗೆ ಹಾರುತ್ತದೆ ಎಂದು ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ವ್ಯಾಪಾರಿಗಳಿಗೆ ಕಳಿಸುತ್ತಿದ್ದಳು. ಗೆರೆ ಎಳೆದು ಬಣ್ಣ ತುಂಬುವುದು ಅವಳ ಪಾಲಿನ ಕೆಲಸ. ಅದನ್ನು ನೆರಿಗೆ ನೆರಿಗೆಯಾಗಿ ನಿಜವಾದ ಬಟ್ಟೆಯಂತೆ ಮೂಡಿಸುವುದು ಯಂತ್ರದೊಳಗಿನ ಗ್ರಾಫಿಕ್ಸ್ ಕಾರ್ಡಿನ ಪಾಲಿನದು. ಅದಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು. ಮನೆಯಲ್ಲಿ ಅದಕ್ಕೆ ಬೇಯುವುದು ಎನ್ನುತ್ತಿದ್ದರು. ಯಾರಾದರೂ ಕರೆದರೆ ಗಂಗಾಲಕ್ಷ್ಮಿ ಒಳಗಿನಿಂದ, "ಚಿತ್ರ ಬೇಯ್ತಾ ಐತೆ, ಇರಿ" ಎಂದು ಕೂಗುತ್ತಿದ್ದಳು.

ಆ ಯಂತ್ರವನ್ನು ತನ್ನ ದುಡಿಮೆಯಿಂದಲೇ ಕೊಂಡಿದ್ದಳು. ಅದು ಮನೆಗೆ ಬಂದ ದಿನವೇ ಗಂಡನನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದ್ದಳು:

"ನೋಡು ಮಾಮಾ, ಮನೇಲಿ ಏನ್ ಬೇಕಾದ್ರು ಬಿಚ್ಚು. ಬೇಕಾದ್ರೆ ನಮ್ಮ ಮಾವಯ್ಯನ ಮಗ್ಗಾನೇ ಬಿಚ್ಚು. ಈ ಡಬ್ಬ ಮಾತ್ರ ಮುಟ್ಬೇಡ."

"ನನ್ನ ಮಗ್ಗ ಯಾಕಮ್ಮಾ ನಡುವೆ ತರ್ತೀಯ?" ಎಂದು ನಾರಪ್ಪ ಪಕ್ಕದ ಕೋಣೆಯಿಂದ ಕೇಳಿದ್ದ. ಪ್ರಭಾಕರ್ ನಕ್ಕು, ಮುಟ್ಟುವುದಿಲ್ಲವೆಂದು ಮಾತು ಕೊಟ್ಟಿದ್ದ.

ಮದುವೆಯಾದ ಹೊಸತರಲ್ಲಿ ಅವರಿಬ್ಬರೂ ಸಂಜೆಯ ಹೊತ್ತು ದೇವಸ್ಥಾನದ ಕೊಳದ ಮೆಟ್ಟಿಲಿಗೆ ಹೋಗುತ್ತಿದ್ದರು. ಬೇಯಿಸಿದ ಕಡಲೆಕಾಯಿ ಸುಲಿಯುತ್ತ, ಆ ದಿನ ಯಾರು ಯಾರಿಗೆ ಏನೆಂದರೆಂದು ಹೇಳಿಕೊಳ್ಳುತ್ತ ಕೂರುವುದು. ಯಂತ್ರ ಬಂದ ಮೇಲೆ ಆ ಸಂಜೆಗಳು ಒಂದೊಂದಾಗಿ ಉದುರಿದವು. ಅವನು ಕೈಕಾಲು ತೊಳೆದು ಬಂದು ಬಾಗಿಲಲ್ಲಿ ನಿಂತರೆ, ಅವಳು ಪರದೆಯಿಂದ ಕಣ್ಣು ತೆಗೆಯದೆ, "ಇನ್ನೊಂದು ಸ್ವಲ್ಪ ಮಾಮಾ, ಬೇಯ್ತಾ ಐತೆ" ಎನ್ನುತ್ತಿದ್ದಳು. ಯಂತ್ರ ನಡುವೆ ನಿಂತುಬಿಟ್ಟರೆ ಮತ್ತೆ ಮೊದಲಿನಿಂದ ಬೇಯಿಸಬೇಕಲ್ಲ ಎಂಬ ಭಯದಿಂದ ಅದರ ಮುಂದೆಯೇ ಕಾದು ಕೂರುತ್ತಿದ್ದಳು.

ಪವರ್‌ಲೂಮ್ ಫಿಟ್ಟರ್‌ಗಳಿಗೆ ತಿಳಿದ ಉಪಾಯವೊಂದಿದೆ. ಮಗ್ಗ ಬೇಗ ಓಡಬೇಕೆಂದರೆ ಮೋಟಾರಿನ ಪುಲ್ಲಿಯನ್ನು ತೆಗೆದು ಅದಕ್ಕಿಂತ ದೊಡ್ಡದನ್ನು ಹಾಕುತ್ತಾರೆ. ಮೋಟಾರಿಗೆ ಭಾರ ಹೆಚ್ಚುತ್ತದೆ, ಬಿಸಿಯಾಗುತ್ತದೆ. ಆದರೆ ಬಟ್ಟೆ ಬೇಗ ಇಳಿಯುತ್ತದೆ. ಕಂಪ್ಯೂಟರಿಗೂ ಇಂಥದೇ ಪುಲ್ಲಿ ಇದೆಯೆಂದು ಪ್ರಭಾಕರ್‌ಗೆ ಮೊಬೈಲಿನಲ್ಲಿ ಕಂಡ ತಮಿಳು ವಿಡಿಯೋ ಒಂದು ಹೇಳಿಕೊಟ್ಟಿತು. ಅದಕ್ಕೆ ಓವರ್‌ಕ್ಲಾಕ್ ಎಂದು ಹೆಸರು. ಕಂಪನಿಯವರು ಇಷ್ಟೇ ವೇಗವೆಂದು ಗೊತ್ತುಮಾಡಿ ಕಳಿಸಿದ ಕಾರ್ಡನ್ನು ಅದಕ್ಕಿಂತ ಮೇಲಕ್ಕೆ ಓಡಿಸುವುದು. ಡಬ್ಬವನ್ನು ಬಿಚ್ಚಬೇಕಾಗಿಲ್ಲ, ಸ್ಕ್ರೂ ತಿರುಗಿಸಬೇಕಾಗಿಲ್ಲ. ಪರದೆಯ ಮೇಲಿನ ಗೆರೆಯೊಂದನ್ನು ಮೌಸಿನಿಂದ ಬಲಕ್ಕೆ ಜರುಗಿಸಿದರೆ ಸಾಕು.

ಗಂಗಾಲಕ್ಷ್ಮಿ ನೆರೆಮನೆಯ ಸೀಮಂತಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಅವನು ಆ ಗೆರೆಯನ್ನು ಜರುಗಿಸಿದ. ಮುಟ್ಟಿದ್ದು ಮೌಸನ್ನು ಮಾತ್ರ, ಡಬ್ಬವನ್ನಲ್ಲ. ಆದ್ದರಿಂದ ಕೊಟ್ಟ ಮಾತು ಮುರಿಯಲಿಲ್ಲವೆಂದು ತನ್ನನ್ನು ತಾನೇ ಒಪ್ಪಿಸಿಕೊಂಡ.

ಮರುದಿನದಿಂದ ಚಿತ್ರಗಳು ಕಣ್ಣಿಗೆ ಕಾಣುವಷ್ಟು ಬೇಗ ಬೆಂದವು. ಗಂಗಾಲಕ್ಷ್ಮಿಗೆ ಖುಷಿಯೋ ಖುಷಿ.

"ಆಯುಧ ಪೂಜೇಲಿ ಕುಂಕುಮ ಇಟ್ಟಿದ್ದೆ ನೋಡು. ಈಗ ಮಾತು ಕೇಳ್ತೈತೆ."

"ಕುಂಕುಮಾನೇ ಇರ್ಬೇಕು" ಎಂದ ಪ್ರಭಾಕರ್, ಸಂಜೆಗಾಗಿ ಕಾಯುತ್ತ.

ಸಂಜೆ ಮಾತ್ರ ಬರಲಿಲ್ಲ. ಯಂತ್ರ ಬೇಗ ಬೇಯಿಸುತ್ತದೆಂದು ಅವಳು ಇನ್ನಷ್ಟು ವ್ಯಾಪಾರಿಗಳ ಕೆಲಸ ಒಪ್ಪಿಕೊಂಡಳು. ಉಳಿದ ಹೊತ್ತನ್ನೆಲ್ಲ ಹೊಸ ಚಿತ್ರಗಳು ತಿಂದವು. ಅವನು ಗೆರೆಯನ್ನು ಇನ್ನಷ್ಟು ಬಲಕ್ಕೆ ಸರಿಸಿದ. ವಿಡಿಯೋದವನು ಬೇಡವೆಂದ ಜಾಗಕ್ಕೂ ಸರಿಸಿದ, ಕರೆಂಟಿನ ಪ್ರಮಾಣವನ್ನೂ ಏರಿಸಿದ. ಕಾರ್ಡಿನ ಫ್ಯಾನು ಕುದಿಯುವ ಕೆಟಲಿನ ಹಾಗೆ ಸಿಳ್ಳು ಹಾಕತೊಡಗಿತು. ಹೆಂಡತಿಯ ಸಂಜೆಯನ್ನು ಗೆಲ್ಲಲು ಹೊರಟವನು ಅವಳ ಮಧ್ಯಾಹ್ನಗಳನ್ನೂ ಕಳೆದುಕೊಂಡ.

ಚಿತ್ತಿರೆ ತಿಂಗಳ ಬಿರುಬಿಸಿಲಿಗೆ ತಗಡಿನ ಮಾಡು ಕಾದು ನಿಂತಿದ್ದ ಒಂದು ದಿನ ಒಳಗಿನಿಂದ ಕೂಗು ಕೇಳಿತು.

"ಮಾಮಾ, ಬಾ ಇಲ್ಲಿ! ಸೀರೆ ಕರಗೋಗ್ತೈತೆ!"

ಅವನು ಓಡಿಬಂದಾಗ ಪರದೆಯ ಮೇಲೆ ಬಣ್ಣಬಣ್ಣದ ಪಟ್ಟಿಗಳು ಕಡಿದ ಹಾಸಿನಂತೆ ಇಳಿಬಿದ್ದಿದ್ದವು. ಮರುಕ್ಷಣ ಎಲ್ಲ ಕಪ್ಪಾಯಿತು. ಸುಟ್ಟ ವಾಸನೆ ಬಂತು. ಫಿಟ್ಟರನಿಗೆ ಆ ವಾಸನೆ ಏನು ಹೇಳುತ್ತದೆಂದು ತಿಳಿಯಲು ಯಂತ್ರವನ್ನು ಬಿಚ್ಚಬೇಕಾಗಿರಲಿಲ್ಲ.

ಗಂಗಾಲಕ್ಷ್ಮಿ ಅಳಲಿಲ್ಲ. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಳು.

"ನಾನೇ ಮಾಡ್ದೆ ಮಾಮಾ" ಎಂದಳು. "ಮಗ್ಗದ ದೂಳು ಬೀಳ್ತೈತಲ್ಲ ಅಂತ ಬೆಳಗ್ಗೆ ಹಳೇ ಸೀರೆ ಮುಚ್ಚಿದ್ದೆ. ತೆಗೆಯೋಕೆ ಹೊತ್ತು ಮಾಡ್ಬಿಟ್ಟೆ. ಉಸಿರು ಕಟ್ಟೋಗೈತೆ ಅದಕ್ಕೆ."

ಹೇಳಬೇಕಾದ ಕ್ಷಣ ಅದೇ ಆಗಿತ್ತು. ಅವನ ಬಾಯಿಯೂ ತೆರೆಯಿತು. ಆದರೆ ಹೊರಗೆ ಬಂದದ್ದು ಬೇರೆ ಮಾತು: "ವಾರಂಟಿ ಐತಲ್ಲ ಗಂಗಾ. ಸೇಲಂಗೆ ತಗೊಂಡೋಗಾಣ. ಒಸ ಕಾರ್ಡೇ ಕೊಡ್ತಾರೆ."

ಅವಳ ಮುಖ ಅರಳಿತು. ಆ ಅರಳಿದ ಮುಖವನ್ನು ನೋಡಿ ಅವನ ಬಾಯಿ ಮತ್ತೂ ಬಿಗಿಯಿತು.

ಹೊರಡುವ ಬೆಳಗ್ಗೆ ಪ್ರಭಾಕರ್ ಕಾರ್ಡನ್ನು ಡಬ್ಬದಿಂದ ಕಳಚಿ, ಒರೆಸಿ, ಹಳೆಯ ಟವಲ್ಲಿನ ಮೇಲೆ ಇಟ್ಟ. ಅಪ್ಪನ ಮಗ್ಗದ ಪಕ್ಕದ ಬುಟ್ಟಿಯಿಂದ ಒಂದು ತುಂಡು ಕೆಂಪು ನೂಲು ತಂದ. ಕಾರ್ಡಿನ ಒಂದು ತುದಿಯಲ್ಲಿ ತಗಡಿನ ಪಟ್ಟಿಯಿದೆ, ಅದರಲ್ಲಿ ಸಣ್ಣ ತೂತುಗಳಿವೆ. ಆ ಅಂಚಿಗೆ, ತೂತಿನೊಳಗೆ ಪೋಣಿಸಿ, ಗುರುತು ನೂಲು ಕಟ್ಟಿದ. ಬಾಯಿಂದ ಆಗದ್ದನ್ನು ಕೈ ಮಾಡಿತು. ಅವಳು ಇದನ್ನು ನೋಡುತ್ತಾಳೆ, ಇದೇನೆಂದು ಕೇಳುತ್ತಾಳೆ, ಕೇಳಿದರೆ ಹೇಳಿಬಿಡುತ್ತೇನೆ ಎಂದು ಅವನು ಗಟ್ಟಿ ಮಾಡಿಕೊಂಡ.

ಆದರೆ ಗಂಗಾಲಕ್ಷ್ಮಿ ನೇಕಾರರ ಮನೆಯಲ್ಲಿ ಬೆಳೆದವಳಲ್ಲ. ಅವಳ ಊರಲ್ಲಿ ಈದ ಹಸುವಿನ ಕರುವಿಗೆ ಕಣ್ಣು ಬೀಳಬಾರದೆಂದು ಕೊರಳಿಗೆ ಕೆಂಪು ನೂಲು ಕಟ್ಟುತ್ತಾರೆ. ಮಾವನ ಮನೆಯಲ್ಲೋ, ನಾರಪ್ಪನ ಕೈಯಿಂದ ತಪ್ಪಿದ ಸೀರೆ ಇಳಿಯುವುದೇ ಅಪರೂಪ. ಬಂದ ಮೇಲೆ ಅವಳು ಗುರುತು ನೂಲನ್ನು ಕಂಡಿರಲೇ ಇಲ್ಲ. ಟವಲ್ಲು ಬಿಡಿಸಿ ಕಾರ್ಡನ್ನು ನೋಡಿದಳು. ನೂಲನ್ನು ಬೆರಳ ತುದಿಯಿಂದ ಮುಟ್ಟಿದಳು. ಅವಳ ಕಣ್ಣು ತುಂಬಿತು.

"ದೃಷ್ಟಿಗಾ ಮಾಮಾ? ನನಗಿಂತ ನಿನಗೇ ಜಾಸ್ತಿ ಸಂಕಟ ಆಗೈತೆ."

ಅವನು ಆ ಮಾತಿನ ಮುಂದೆ ನಿಲ್ಲಲಾರದೆ ಬಸ್ಸಿಗೆ ಹೊತ್ತಾಯಿತೆಂದ.

ಸೇಲಂನ ಆ ಸರ್ವೀಸ್ ಸೆಂಟರ್ ಮೆಟ್ಟಿಲೇರಿ ಹೋಗುವ ಸಣ್ಣ ಅಂಗಡಿ. ಕೆಳಗೆ ಬೆಳ್ಳಿ ಕಾಲ್ಗೆಜ್ಜೆ ಮಾಡುವವರ ಸುತ್ತಿಗೆಯ ಸದ್ದು ಮೇಲಕ್ಕೆ ಕೇಳುತ್ತಿತ್ತು. ಕೌಂಟರಿನಲ್ಲಿ ಪೂಂಗೊಡಿ ಎಂಬ ಹುಡುಗಿ ಇದ್ದಳು. ತಲೆತುಂಬ ಮಲ್ಲಿಗೆ, ಕಿವಿಗೆ ಪೆನ್ನು. "ವಾಂಗ ಅಕ್ಕಾ, ಉಕ್ಕಾರುಂಗ" ಎಂದು ಕುರ್ಚಿ ತೋರಿಸಿದಳು. ಮಾತೆಲ್ಲ ತಮಿಳಿನಲ್ಲೇ ನಡೆಯಿತು. ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಯಂತ್ರಕ್ಕೆ ಚುಚ್ಚಿ ನೋಡಿ, ಸತ್ತಿದೆಯೆಂದು ಖಚಿತ ಮಾಡಿಕೊಂಡ ಮೇಲೆ ಪೂಂಗೊಡಿ ಕೇಳಿದಳು:

"ಓವರ್‌ಕ್ಲಾಕ್ ಏನಾದ್ರೂ ಮಾಡಿದ್ರಾ ಅಕ್ಕಾ?"

"ಹಂಗಂದ್ರೆ?"

"ಕಂಪನಿ ಇಟ್ಟಿರೋ ಸ್ಪೀಡಿಗಿಂತ ಜಾಸ್ತಿ ಓಡಿಸೋದು. ಹಂಗೆ ಓಡಿಸಿ ಸುಟ್ಟಿದ್ರೆ ವಾರಂಟಿ ಬರಲ್ಲ."

ಗಂಗಾಲಕ್ಷ್ಮಿ ನಕ್ಕುಬಿಟ್ಟಳು. "ಅಯ್ಯೋ, ನಂಗೆ ಆ ಹೆಸರೇ ಗೊತ್ತಿಲ್ಲಮ್ಮಾ. ಇವ್ರು ಸಿಕ್ಕಿದ್ದೆಲ್ಲ ಬಿಚ್ಚೋರು, ಆದ್ರೆ ಇದನ್ನ ಮುಟ್ಟಿಲ್ಲ. ಮುಟ್ಬಾರ್ದು ಅಂತ ನಾನು ಮಾತು ತಗೊಂಡಿದ್ದೆ." ಆಮೇಲೆ ದನಿ ಇಳಿಸಿ, "ಬಟ್ಟೆ ಮುಚ್ಚಿದ್ದೆ, ಅದೊಂದು ತಪ್ಪು ನಂದೇ" ಎಂದಳು.

ಪ್ರಭಾಕರ್ ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡುತ್ತಿದ್ದ. ಅದರಲ್ಲಿ ಏನಿತ್ತೆಂದು ಕೇಳಿದರೆ ಅವನಿಗೆ ಇಂದಿಗೂ ಹೇಳಲು ಬರುವುದಿಲ್ಲ.

"ಬಟ್ಟೆಗೆಲ್ಲ ಕಾರ್ಡು ಸಾಯಲ್ಲ ಅಕ್ಕಾ" ಎಂದು ಪೂಂಗೊಡಿಯೂ ನಕ್ಕಳು. "ಇಲ್ಲಿಗೆ ಬರೋರೆಲ್ಲ ಇಲ್ಲ ಅಂತಾನೇ ಹೇಳ್ತಾರೆ. ಸತ್ತ ಕಾರ್ಡು ಮಾತಾಡುತ್ತಾ? ಯಾರ ಮುಖ ನೋಡಿ ನಂಬ್ಬೇಕು ಅಂತ ನಾನೇ ನೋಡ್ಕೋಬೇಕು. ನಿಮ್ಮನ್ನ ಕೇಳಿದ್ದೇ ತಪ್ಪು ಅನ್ನಿಸ್ತಾ ಇದೆ." ವಾರಂಟಿಯಲ್ಲಿ ಹೊಸ ಕಾರ್ಡು ತರಿಸಿಕೊಡುವುದಾಗಿ ಬರೆದುಕೊಂಡಳು. ವಾಪಸು ಪಡೆಯುವ ಕಾರ್ಡಿಗೆ ಬೇರೆ ಏನೂ ಅಂಟಿಕೊಂಡಿರಬಾರದೆಂಬುದು ಕಂಪನಿಯ ನಿಯಮವಂತೆ; ನೂಲನ್ನು ಕತ್ತರಿಯಿಂದ ನಾಜೂಕಾಗಿ ಕತ್ತರಿಸಿ ಗಂಗಾಲಕ್ಷ್ಮಿಯ ಕೈಗಿಟ್ಟಳು. "ಸಾಮಿ ನೂಲು. ಬಿಸಾಡ್ಬೇಡಿ."

ಗಂಗಾಲಕ್ಷ್ಮಿ ಅದನ್ನು ಕಣ್ಣಿಗೊತ್ತಿಕೊಂಡು ಪರ್ಸಿನೊಳಗೆ ಇಟ್ಟಳು.

ತಾರಮಂಗಲದ ಟೌನ್ ಬಸ್ಸಿನಲ್ಲಿ ಇಬ್ಬರಿಗೂ ಪಕ್ಕಪಕ್ಕದಲ್ಲೇ ಸೀಟು ಸಿಕ್ಕಿತು. ಪ್ರಭಾಕರ್ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ನೂತ. ಮೊದಲು ಕೊಳದ ಮೆಟ್ಟಿಲಿನ ಮಾತು ಎತ್ತಬೇಕು, ಆಮೇಲೆ ಪುಲ್ಲಿಯ ಮಾತು, ಆಮೇಲೆ ನಿಜದ ಮಾತು. ಸಾಲು ಸರಿಹೋಯಿತೆನ್ನಿಸಿ ಅವಳ ಕಡೆ ತಿರುಗಿದಾಗ ಗಂಗಾಲಕ್ಷ್ಮಿ ಅವನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಎಷ್ಟೋ ದಿನದ ಆತಂಕ ಇಳಿದವಳ ನಿದ್ದೆ. ಬಸ್ಸು ಕುಲುಕಿದಾಗಲೆಲ್ಲ ಅವನು ಅಂಗೈಯಿಂದ ಅವಳ ಹಣೆಯನ್ನು ಹಿಡಿದುಕೊಂಡ. ಹಾಗೆ ಹಿಡಿದುಕೊಂಡಿರುವಾಗಲೇ ಊರು ಬಂತು.

ಹೊಸ ಕಾರ್ಡು ಬರುವವರೆಗೆ ಗಂಗಾಲಕ್ಷ್ಮಿ ಗೆರೆ ಎಳೆಯುವ ಕೆಲಸವನ್ನಷ್ಟೇ ಮಾಡಿದಳು, ಬೇಯಿಸಬೇಕಾದ್ದನ್ನೆಲ್ಲ ಕಟ್ಟಿಟ್ಟಳು. ಡಬ್ಬದ ಮೇಲೆ ಬಟ್ಟೆ ಹಾಕುವುದನ್ನು ಬಿಟ್ಟಳು. ದಿನಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಆ ಕೋಣೆಯ ನೆಲವನ್ನೆಲ್ಲ ಒರೆಸುವುದನ್ನು ಹಿಡಿದಳು. ಅವಳು ಮೊಳಕಾಲೂರಿ ನೆಲ ಒರೆಸುವುದನ್ನು ಪ್ರಭಾಕರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಬಿಡು, ನಾನು ಒರೆಸ್ತೀನಿ" ಎನ್ನುತ್ತಿದ್ದ. ಬಟ್ಟೆ ಕಸಿದುಕೊಂಡು ಒರೆಸುತ್ತಲೂ ಇದ್ದ. ಆದರೆ ಹೇಳುತ್ತಿರಲಿಲ್ಲ. ಬೀದಿಯ ಹೆಂಗಸರು ಅದನ್ನು ಕಂಡು, ಗಂಗಾಲಕ್ಷ್ಮಿ ಗಂಡನನ್ನು ಚೆನ್ನಾಗಿ ಪಳಗಿಸಿದ್ದಾಳೆಂದು ಮಾತಾಡಿಕೊಂಡರು.

ಕೊನೆಗೊಂದು ದಿನ ಹೊಸ ಕಾರ್ಡು ಬಂತು. ಗಂಗಾಲಕ್ಷ್ಮಿ ಅದನ್ನು ಮಗುವನ್ನು ಎತ್ತಿದ ಹಾಗೆ ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟಳು. ಆಮೇಲೆ ಪರ್ಸು ತೆರೆದು, ಜೋಪಾನವಾಗಿಟ್ಟಿದ್ದ ಕೆಂಪು ನೂಲನ್ನು ತೆಗೆದು, ಹಳೆಯದರಲ್ಲಿ ಗಂಡ ಎಲ್ಲಿ ಕಟ್ಟಿದ್ದನೋ ಅಲ್ಲೇ, ತಗಡಿನ ಅಂಚಿನ ತೂತಿಗೆ ಕಟ್ಟಿದಳು.

ನಾರಪ್ಪ ಮಗ್ಗದ ಗುಂಡಿಯಿಂದ ಎದ್ದು ಮಜ್ಜಿಗೆ ಕುಡಿಯಲು ಬಂದಿದ್ದ. ಮನೆಗೆ ಬಂದ ಹೊಸ ವಸ್ತುವನ್ನು ನೋಡಲು ಬಗ್ಗಿದ. ಜೀವಮಾನವೆಲ್ಲ ಅಂಚುಗಳನ್ನೇ ಮುಟ್ಟಿದ ಕೈ; ಕಾರ್ಡಿನ ಅಂಚಿನ ಮೇಲೂ ತಾನಾಗಿ ಬೆರಳಾಡಿಸಿತು. ನೂಲಿನ ಬಳಿ ನಿಂತಿತು.

"ಇದರಲ್ಲಿ ಎಲ್ಲೈತಮ್ಮಾ ತಪ್ಪು? ಈಗ ತಾನೆ ಬಂದೈತೆ."

"ತಪ್ಪಾ? ತಪ್ಪೇನಿಲ್ಲ ಮಾವಯ್ಯ. ದೃಷ್ಟಿ ನೂಲು ಅದು. ಹಳೇ ಕಾರ್ಡಿಗೆ ಇವ್ರೇ ಕಟ್ಟಿದ್ರು. ನಾನು ಎತ್ತಿಟ್ಟಿದ್ದೆ."

ನಾರಪ್ಪ ಮಗನ ಕಡೆ ತಿರುಗಿದ. "ನೀನಾ ಕಟ್ಟಿದ್ದು?"

"ಊಂ ಅಪ್ಪಾ."

"ಸುಟ್ಟಿದ್ದಕ್ಕಾ?"

"ಊಂ."

ನಾರಪ್ಪ ಮಜ್ಜಿಗೆಯ ಲೋಟವನ್ನು ಕೆಳಗಿಟ್ಟ. "ನಮ್ಮ ಬೀದೀಲಿ ದೃಷ್ಟಿಗೆ ಕರೀ ನೂಲು ಕಟ್ತೀವಮ್ಮಾ" ಎಂದು ಸೊಸೆಗೆ ಹೇಳಿದ. "ಕೆಂಪುನ್ನ ಯಾವುದಕ್ಕೆ ಕಟ್ತೀವಿ ಅಂತ ನಿನ್ನ ಗಂಡ ಏಳ್ತಾನೆ." ಅಷ್ಟು ಹೇಳಿ ಗುಂಡಿಗೆ ಇಳಿದು ಮಗ್ಗದ ಮುಂದೆ ಕುಳಿತ. ಮಗ್ಗದ ಸದ್ದು ಮಾತ್ರ ಕೇಳಿಬರಲಿಲ್ಲ.

ಈಗಲೂ ಸುಳ್ಳಿಗೆ ಜಾಗವಿತ್ತು. ಅಪ್ಪನಿಗೆ ವಯಸ್ಸಾಯಿತು, ಏನೋ ಅಂದರು ಎಂದುಬಿಡಬಹುದಿತ್ತು. ಗಂಗಾಲಕ್ಷ್ಮಿ ಅದನ್ನೂ ನಂಬುತ್ತಿದ್ದಳು. ಅವಳು ನಂಬುತ್ತಾಳೆಂಬುದನ್ನೇ ಪ್ರಭಾಕರ್‌ಗೆ ತಡೆಯಲಾಗಲಿಲ್ಲ. ಬಸ್ಸಿನಲ್ಲಿ ನೂತಿಟ್ಟ ಸಾಲು ಒಂದೂ ನೆನಪಿಗೆ ಬರಲಿಲ್ಲ. ತುದಿಯಿಂದಲೇ ಹಿಡಿದು ಹೇಳಿದ.

"ಕಾರ್ಡು ಸುಟ್ಟಿದ್ದು ನಾನು ಗಂಗಾ. ನಿನ್ನ ಬಟ್ಟೆ ಅಲ್ಲ. ಆ ಹುಡುಗಿ ಕೇಳಿದ್ಳಲ್ಲ, ಅದನ್ನೇ ಮಾಡಿದ್ದೆ. ತಪ್ಪಿರೋ ಕಡೆ ಕಟ್ಟೋ ನೂಲು ಅದು. ನೀನು ಕೇಳ್ತೀಯ, ಆಗ ಏಳಾಣ ಅಂತ ಕಟ್ಟಿದ್ದೆ."

ಗಂಗಾಲಕ್ಷ್ಮಿ ನೂಲಿನಿಂದ ಕೈ ತೆಗೆದಳು.

"ಯಾಕೆ ಓಡಿಸ್ದೆ?"

"ಬೇಗ ಬೆಂದ್ರೆ ಬೇಗ ಎದ್ದು ಬರ್ತೀಯ, ಕೊಳಕ್ಕೆ ಓಗಾಣ ಅಂತ."

ಅವಳು ಅವನ ಕಡೆ ತಿರುಗಿದಳು. "ಬಾ ಅಂತ ಕೈ ಹಿಡಿದು ಎಳ್ದಿದ್ರೆ ಬರ್ತಿರ್ಲಿಲ್ವಾ ನಾನು? ಕರೆಂಟು ಕೊಟ್ಟು ಓಡಿಸ್ಬೇಕಿತ್ತಾ?" ಆಮೇಲೆ ದನಿ ಗಟ್ಟಿಯಾಯಿತು. "ಬಟ್ಟೆ ಮುಚ್ಚಿ ಕೊಂದೆ ಅಂತ ನಾನು ದಿನಾ ನೆಲ ಒರೆಸ್ದೆ. ನೀನು ನೋಡ್ತಾ ನಿಂತಿದ್ದೆ."

"ನಾನೂ ಒರೆಸ್ದೆ..." ಎಂದು ಶುರುಮಾಡಿದವನು ಅಲ್ಲಿಗೇ ನಿಲ್ಲಿಸಿದ.

"ಆ ಪೂಂಗೊಡಿ ಏನಂದ್ಳು? ಮುಖ ನೋಡಿ ನಂಬ್ತೀನಿ ಅಂದ್ಳು. ಯಾರ ಮುಖ ನೋಡಿದ್ಳು ಮಾಮಾ? ನಿಂದಲ್ಲ, ನಂದು. ಸುಳ್ಳು ನಿಂದು, ಅದನ್ನ ಏಳಿದ ಬಾಯಿ ನಂದು."

ಪ್ರಭಾಕರ್ ಬಳಿ ವಾದ ಇಲ್ಲದೆ ಇರಲಿಲ್ಲ; ಇಷ್ಟು ದಿನ ಅದೇ ಅವನನ್ನು ಹೇಗೋ ನಿಲ್ಲಿಸಿಕೊಂಡಿತ್ತು. "ಆ ಗೆರೆ ಜರುಗಿಸೋ ಪ್ರೋಗ್ರಾಮು ಕೊಡೋರೂ ಕಂಪನಿಯೋರೇ ಗಂಗಾ. ಎಷ್ಟು ಬೇಕಾದ್ರು ಓಡಿಸಿ ಅಂತ ಡಬ್ಬದ ಮೇಲೇ ಆಕ್ಕೊಂಡು ಮಾರ್ತಾರೆ. ಸುಟ್ಟೋದ್ರೆ ನಮ್ಮದಲ್ಲ ಅಂತಾರೆ. ಅಷ್ಟು ದೊಡ್ಡೋರಿಗೆ ಒಂದು ಕಾರ್ಡು ಏನು?"

ಗುಂಡಿಯೊಳಗಿನಿಂದ ನಾರಪ್ಪನ ದನಿ ಬಂತು. "ಪುಲ್ಲಿ ಬದ್ಲಾಯ್ಸಿ ಎಷ್ಟು ಮೋಟ್ರು ಸುಟ್ಟಿದ್ದೀಯ ಏನ್ಲಾ?"

"ಒಂದೆರಡು."

"ಯಾರ ತಲೆಗೆ ಕಟ್ಟಿದೆ?"

"ಯಾರಿಗೂ ಇಲ್ಲ. ನಾನೇ ಹೊಸ ತಂತಿ ಸುತ್ತಿ ಕೊಟ್ಟೆ."

"ಮತ್ತೆ? ಓಡಿಸ್ಬಾರ್ದು ಅಂತ ಯಾರೂ ಏಳ್ತಿಲ್ಲ. ಕಂಪನಿ ಕಳ್ಳನಾದ್ರೂ ಆಗ್ಲಿ, ಅವನ ಅಂಚಿಗೆ ಅವನು ನೂಲು ಕಟ್ಕೊಳ್ಲಿ. ನಿನ್ನ ಸೀರೆ ಮಾತು ಆಡು." ಅಷ್ಟಕ್ಕೆ ಮಗ್ಗ ಲಟಕ್ಕನೆ ಹೊರಟಿತು. ಕೇಳಬೇಕಾದ್ದು ಕೇಳಿಯಾಯಿತೆಂದು ಅರ್ಥ.

ಗಂಗಾಲಕ್ಷ್ಮಿ ಹೊಸ ಕಾರ್ಡನ್ನು ಅದರ ಪೆಟ್ಟಿಗೆಯಲ್ಲಿ ಮತ್ತೆ ಇಟ್ಟಳು. ನೂಲನ್ನು ಬಿಚ್ಚಲಿಲ್ಲ. ಮೇಜಿನ ಮೇಲೆ ಬೇಯಬೇಕಾದ ಕೆಲಸ ರಾಶಿ ಬಿದ್ದಿತ್ತು, ಅದನ್ನೊಮ್ಮೆ ನೋಡಿದಳು.

"ನಾಳೆ ಸೇಲಂಗೆ ಓಗಾಣ. ನಾನು ಪಕ್ಕದಲ್ಲಿ ಇರ್ತೀನಿ. ನಿಜ ಏಳೋದು ಮಾತ್ರ ನೀನು."

ಮರುದಿನ ಪೂಂಗೊಡಿ ಅವರನ್ನು ನೋಡಿದೊಡನೆ, "ಏನಕ್ಕಾ, ಇದೂ ಹೋಯ್ತಾ?" ಎಂದು ಗಾಬರಿಗೊಂಡಳು. ಪ್ರಭಾಕರ್ ಪೆಟ್ಟಿಗೆಯನ್ನು ಕೌಂಟರಿನ ಮೇಲಿಟ್ಟು, ನಿಂತುಕೊಂಡೇ, ಎಲ್ಲವನ್ನೂ ಹೇಳಿದ. ತಮಿಳಿನಲ್ಲಿ ಹೇಳಲು ಹೊರಟು, ನಡುವೆ ದಾರಿ ತಪ್ಪಿ ಕನ್ನಡಕ್ಕೆ ಬಂದು, ಮತ್ತೆ ತಮಿಳಿಗೆ ಹೋದ. "ಇವಳಿಗೆ ಗೊತ್ತಿರಲಿಲ್ಲ. ಇವಳು ನಿಜ ಅಂದ್ಕೊಂಡೇ ಹೇಳಿದ್ದು" ಎಂಬುದನ್ನು ಎರಡು ಭಾಷೆಯಲ್ಲೂ ಹೇಳಿದ.

ಪೂಂಗೊಡಿ ಕಿವಿಯ ಪೆನ್ನು ತೆಗೆದಳು, ಮತ್ತೆ ಇಟ್ಟುಕೊಂಡಳು.

"ಅಣ್ಣಾ, ಕೆಟ್ಟ ಕಾರ್ಡು ತಗೊಂಡು ಬಂದು ಜಗಳ ಆಡೋರನ್ನ ನೋಡಿದ್ದೀನಿ. ಚೆನ್ನಾಗಿರೋ ಕಾರ್ಡು ತಗೊಂಡು ಬಂದು ಜಗಳ ಆಡೋರು ನೀವೇ ಮೊದಲು. ಇದನ್ನ ವಾಪಸ್ ತಗೊಳ್ಳೋಕೆ ನಮ್ಮ ಸಿಸ್ಟಮ್ಮಲ್ಲಿ ದಾರೀನೇ ಇಲ್ಲ."

"ದಾರಿ ಮಾಡಮ್ಮಾ" ಎಂದಳು ಗಂಗಾಲಕ್ಷ್ಮಿ. "ಇಲ್ಲದಿದ್ರೆ ನಾನು ಇಲ್ಲೇ ಕೂರ್ತೀನಿ."

ಪೂಂಗೊಡಿ ಒಳಗೆ ಹೋಗಿ ಮೇಲಿನವರ ಜೊತೆ ಮಾತಾಡಿದಳು. ಮೇಲಿನವರು ಅವರ ಮೇಲಿನವರಿಗೆ ಫೋನು ಮಾಡಿದರು. ಬಾಗಿಲ ಸಂದಿಯಿಂದ, "ಇಲ್ಲ ಸಾರ್, ಹೊಸದನ್ನೇ ಕೊಡ್ತಾ ಇದ್ದಾರೆ... ಇಲ್ಲ ಸಾರ್, ಏನೂ ಕೇಳ್ತಿಲ್ಲ" ಎಂಬ ಮಾತು ಮತ್ತೆ ಮತ್ತೆ ಕೇಳಿಸಿತು. ಕೊನೆಗೆ ಅವಳು ಹೊರಬಂದು, ಹೊಸದನ್ನು ತೆಗೆದುಕೊಂಡು, ಕಪಾಟಿನಲ್ಲಿ ಇನ್ನೂ ಇದ್ದ ಹಳೆಯ ಸತ್ತ ಕಾರ್ಡನ್ನು ಅವರ ಮುಂದಿಟ್ಟಳು. ಎರಡನೆಯ ಸಲವೂ ಅದೇ ಕತ್ತರಿ ಹಿಡಿದು ನೂಲನ್ನು ಕತ್ತರಿಸಿದಳು.

"ಸಾಮಿ ನೂಲಲ್ವಾ ಅಕ್ಕಾ ಇದು?"

"ಅಲ್ಲಮ್ಮಾ. ತಪ್ಪು ಎಲ್ಲೈತೆ ಅಂತ ತೋರಿಸೋ ನೂಲು. ನಂಗೂ ನಿನ್ನೆ ತಾನೆ ಗೊತ್ತಾಗಿದ್ದು."

ಪೂಂಗೊಡಿ ಕತ್ತರಿಯನ್ನು ಕೆಳಗಿಟ್ಟಳು. "ನಿಮ್ಮ ಮುಖ ನೋಡಿ ನಂಬಿದ್ನಲ್ಲ, ಅದೇನೂ ತಪ್ಪಾಗ್ಲಿಲ್ಲ ಬಿಡಿ" ಎಂದಳು. ಆಮೇಲೆ ಕಣ್ಣಲ್ಲೇ ಪ್ರಭಾಕರನನ್ನು ತೋರಿಸಿ, "ಈಗ ಆ ನೂಲನ್ನ ಎಲ್ಲಿ ಕಟ್ತೀರಾ?"

"ಎಲ್ಲಿ ತಪ್ಪೈತೋ ಅಲ್ಲೇ" ಎಂದು ಗಂಗಾಲಕ್ಷ್ಮಿ ಗಂಡನ ಕೈಯನ್ನು ಎಳೆದು, ಕೌಂಟರಿನ ಮೇಲಿಟ್ಟು, ಮಣಿಕಟ್ಟಿಗೆ ಆ ಕೆಂಪು ನೂಲನ್ನು ಕಟ್ಟಿದಳು. ಎರಡು ಸಲ ಕತ್ತರಿಸಿದ ನೂಲು. ಗಂಟು ಹಾಕಲು ಸಾಕಾಗುವಷ್ಟೇ ಉಳಿದಿತ್ತು. ಅವನು ಕೈಯನ್ನು ಅಲುಗಿಸದೆ ಹಿಡಿದುಕೊಟ್ಟ. ಗಂಟು ಬಿಗಿದ ಮೇಲೂ ಅವಳು ಕೈ ಬಿಡಲಿಲ್ಲ. ಮೆಟ್ಟಿಲಿಳಿಯುವಾಗಲೂ ಹಿಡಿದುಕೊಂಡೇ ಇದ್ದಳು.

ಸತ್ತ ಕಾರ್ಡು ಈಗ ನಾರಪ್ಪನ ಮಗ್ಗದ ಪಕ್ಕದ ಗೂಡಿನಲ್ಲಿದೆ. ಯಂತ್ರ ಕಾರ್ಡಿಲ್ಲದೆ ತನ್ನ ಸ್ವಂತ ಶಕ್ತಿಯಿಂದ ಓಡುತ್ತದೆ, ಎತ್ತಿನ ಗಾಡಿಯ ಹಾಗೆ. ಚಿತ್ರವೊಂದು ಬೇಯಲು ದಿನವೇ ಹಿಡಿಯುತ್ತದೆ. ಗಂಗಾಲಕ್ಷ್ಮಿ ಕೆಲವು ವ್ಯಾಪಾರಿಗಳಿಗೆ ಆಗುವುದಿಲ್ಲವೆಂದಳು. ಮೊದಲ ದಿನ ಯಂತ್ರದ ಮುಂದೆ ಕಾದು ಕುಳಿತಳು. ಎರಡನೆಯ ದಿನ ಕೂತು ಕೂತು ಬೇಸರವಾಯಿತು. ಇಷ್ಟು ನಿಧಾನವಾಗಿ ಬೇಯುವುದರ ಮುಂದೆ ಯಾರು ತಾನೆ ಕೂತಾರು? ಅದನ್ನು ಅದರ ಪಾಡಿಗೆ ಬಿಟ್ಟು ಎದ್ದು, ಮುಖ ತೊಳೆದು, ಬಾಗಿಲಿಗೆ ಬಂದು ನಿಂತಳು. ಪ್ರಭಾಕರ್ ಆಗಷ್ಟೇ ಷೆಡ್ಡಿನಿಂದ ಬಂದು ಚಪ್ಪಲಿ ಬಿಡುತ್ತಿದ್ದ.

"ಬಿಡ್ಬೇಡ, ಆಕ್ಕೋ" ಎಂದಳು.

ನೂಲು ಎಷ್ಟು ಕಾಲ ಅವನ ಕೈಯಲ್ಲಿತ್ತು ಎಂಬುದರಲ್ಲಿ ಬೀದಿಯವರಿಗೆ ಒಮ್ಮತವಿಲ್ಲ. ಆಡಿ ತಿಂಗಳಲ್ಲಿ ಅವಳೇ ಬಿಚ್ಚಿದಳೆಂದು ಕೆಲವರು ಹೇಳುತ್ತಾರೆ. ಗ್ರೀಸು ಮೆತ್ತಿ ಮೆತ್ತಿ ಅದು ತಾನಾಗಿ ಸವೆದು ಹೋಯಿತೆಂದು ನಾರಪ್ಪ ಹೇಳುತ್ತಾನೆ. ಎಲ್ಲರೂ ಒಪ್ಪುವುದು ಒಂದನ್ನು. ಸಂಜೆಯ ಹೊತ್ತು ಕೊಳದ ಮೆಟ್ಟಿಲಲ್ಲಿ ಅವರಿಬ್ಬರೂ ಕುಳಿತಿರುತ್ತಾರೆ, ನಡುವೆ ಕಡಲೆಕಾಯಿಯ ಪೊಟ್ಟಣ. ಮಾತು ನಿಂತಾಗ ಗಂಗಾಲಕ್ಷ್ಮಿ, ವ್ಯಾಪಾರಿ ಸೀರೆಯ ಅಂಚನ್ನು ನೋಡುವ ಹಾಗೆ, ಗಂಡನ ಮಣಿಕಟ್ಟಿನ ಮೇಲೆ ಬೆರಳಾಡಿಸುತ್ತಾಳೆ. ನೂಲಿದ್ದ ಜಾಗದಲ್ಲಿ ಬೆರಳು ನಿಲ್ಲುತ್ತದೆ.

"ಏಳು ಮಾಮಾ, ಇವತ್ತು ಏನು ಬಿಚ್ದೆ?"

"ಮಿಕ್ಸಿ."

"ಊಂ?"

"ಒಂದು ಸ್ಕ್ರೂ ಉಳೀತು."